ಸೊಪ್ಪು, ತರಕಾರಿ ತೊಳೆಯೋದು ಹೇಗೆ: ಸೋಡಾ ಆಮೇಲೆ, ಮೊದಲು ಕೈಗೆ ಕೆಲಸ ಕೊಡಿ

ತರಕಾರಿ ತೊಳೆಯೋದನ್ನೂ ಬರೆದು ಹೇಳಬೇಕಾ ಅಂತ ಕೇಳಬಹುದು. ಹೇಳಬೇಕು. ಯಾರ ಮನೆಗೆ ಹೋದರೂ ಇದೇ ನೋಡುತ್ತೇನೆ: ಸೊಪ್ಪನ್ನು ಮೊದಲು ಸಣ್ಣಗೆ ಹೆಚ್ಚಿ, ಆಮೇಲೆ ತೂತಿನ ಪಾತ್ರೆಗೆ ಹಾಕಿ, ನಲ್ಲಿ ಕೆಳಗೆ ಒಂದು ಸುತ್ತು ಆಡಿಸಿ, ಆಯ್ತು ಅಂತ ಒಲೆ ಮೇಲೆ ಹಾಕಿಬಿಡುತ್ತಾರೆ. ಇನ್ನು ಕೆಲವರು ಇದರ ಉಲ್ಟಾ. ವಾಟ್ಸಾಪ್‌ನಲ್ಲಿ ಬಂದ ವಿಡಿಯೊ ನೋಡಿ ಉಪ್ಪು, ಅರಿಶಿನ, ವಿನೆಗರ್, ನಿಂಬೆರಸ, ಸೋಡಾ ಎಲ್ಲವನ್ನೂ ಒಂದೇ ಬೋಗುಣಿಗೆ ಸುರಿದು ಟೊಮೆಟೊವನ್ನು ಒಂದು ಗಂಟೆ ನೆನೆಹಾಕುತ್ತಾರೆ. ವಿನೆಗರ್ ಜೊತೆ ಸೋಡಾ ಸೇರಿದರೆ ಬುಸ್ಸಂತ ನೊರೆ ಬರುತ್ತದೆ, ನೋಡೋಕೆ ಚೆನ್ನಾಗಿರುತ್ತದೆ. ಆದರೆ ಎರಡೂ ಒಂದನ್ನೊಂದು ಹೊಡೆದುಹಾಕಿಕೊಂಡು ಕೊನೆಗೆ ಎರಡರ ಗುಣವೂ ಉಳಿಯುವುದಿಲ್ಲ.

ತೊಳೆಯೋಕೆ ಮೊದಲು ಏನನ್ನು ತೊಳೆಯುತ್ತಿದ್ದೇವೆ ಅಂತ ಗೊತ್ತಿರಬೇಕು. ಹೊಲದಲ್ಲಿ ಹೊಡೆಯುವ ಔಷಧಿ ಎರಡು ಥರ. ಒಂದು, ಎಲೆ ಮೇಲೆ, ಕಾಯಿ ಮೇಲೆ ಕೂತು ಹುಳ ತಾಗಿದಾಗ ಕೊಲ್ಲುವಂಥದ್ದು. ಸೈಪರ್‌ಮೆಥ್ರಿನ್, ಕ್ಲೋರ್‌ಪೈರಿಫಾಸ್ ಈ ಜಾತಿ. ಇನ್ನೊಂದು, ಗಿಡದೊಳಗೆ ಇಳಿದು ರಸದ ಜೊತೆ ಓಡಾಡುವಂಥದ್ದು. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಶಿಲೀಂಧ್ರಕ್ಕೆ ಹಾಕುವ ಕಾರ್ಬೆಂಡಾಜಿಮ್ ಇವೆಲ್ಲ ಆ ಕಡೆಯವು. ಮೊದಲನೆಯದರಲ್ಲಿ ಹೆಚ್ಚಿನವಕ್ಕೆ ನೀರು ಮತ್ತು ಕೈ ಸಾಕಷ್ಟು ಕೆಲಸ ಮಾಡುತ್ತವೆ. ಎರಡನೆಯದು ಒಳಗೆ ಹೋದ ಮೇಲೆ ನೀವು ಏನು ಸುರಿದರೂ ಪೂರ್ತಿ ಈಚೆ ಬರುವುದಿಲ್ಲ. ತರಕಾರಿ ತೊಳೆಯುವ ದ್ರಾವಣದ ಬಾಟಲಿ ಮಾರುವವರು ಈ ಮಾತು ಹೇಳುವುದಿಲ್ಲ, ಅದಕ್ಕೆ ಮೊದಲೇ ಹೇಳಿಬಿಟ್ಟೆ.

ಹಾಗಂತ ತರಕಾರಿ ಕಂಡರೆ ಹೆದರೋದೂ ಬೇಡ. ಪ್ರತಿ ಔಷಧಿಗೂ ಪ್ರತಿ ಬೆಳೆಗೂ ಇಷ್ಟೇ ಉಳಿದಿರಬಹುದು ಅಂತ ಮಿತಿ ಇದೆ. ಬೇರೆ ಮಿತಿ ಗೊತ್ತುಮಾಡದ ಕಡೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಹಣ್ಣು ತರಕಾರಿಗೆ ಇಟ್ಟಿರುವ ಅಳತೆ ಕಿಲೋಗೆ 0.01 ಮಿಲಿಗ್ರಾಂ. ತೊಂದರೆ ಎಲ್ಲಿ ಅಂದರೆ, ಔಷಧಿ ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬಾರದು ಅಂತ ಡಬ್ಬಿ ಮೇಲೆ ಬರೆದಿರುತ್ತದೆ. ಬೆಂಡೆಕಾಯಿ ನೋಡಿದರೆ ಒಂದು ದಿನ ಬಿಟ್ಟು ಒಂದು ದಿನ ಕೊಯ್ಯಲೇಬೇಕು, ಇಲ್ಲ ಅಂದರೆ ಬಲಿತು ನಾರಾಗಿ ಯಾರೂ ಕೊಳ್ಳುವುದಿಲ್ಲ. ರೈತ ಏನು ಮಾಡಬೇಕು ಹೇಳಿ? ಬದನೆ, ಬೀನ್ಸ್, ಟೊಮೆಟೊ ಕತೆಯೂ ಹೆಚ್ಚು ಕಡಿಮೆ ಇದೇ. ಅದಕ್ಕೇ ಪದೇ ಪದೇ ಕೊಯ್ಯುವ ತರಕಾರಿಯನ್ನು ನಾನು ಜಾಸ್ತಿ ತೊಳೆಯುತ್ತೇನೆ. ಕುಂಬಳ, ಸುವರ್ಣಗೆಡ್ಡೆಗೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಹಂತ 1: ಕೊಳ್ಳುವಾಗ

ಆಯಾ ಕಾಲದ್ದನ್ನು ತನ್ನಿ. ಹೊಳಪು ನೋಡಿ ಮರುಳಾಗಬೇಡಿ. ಎಲೆಯಲ್ಲಿ ಒಂದೆರಡು ತೂತಿದ್ದರೆ ಒಳ್ಳೆಯದೇ, ಆದರೆ ಅದು ಔಷಧಿ ಹೊಡೆದಿಲ್ಲ ಅನ್ನೋದಕ್ಕೆ ಸರ್ಟಿಫಿಕೇಟ್ ಅಲ್ಲ. ಹುಳ ತಿಂದ ಮೇಲೇ ತಾನೆ ಹೊಡೆಯೋದು?

ಬೆಂಡೆಕಾಯಿ, ಹಸಿಮೆಣಸಿನಕಾಯಿ ಅತಿಯಾಗಿ ಹಸಿರಾಗಿ ಕಂಡರೆ ಬಣ್ಣ ಹಾಕಿರಬಹುದು. ಹತ್ತಿಯನ್ನು ಲಿಕ್ವಿಡ್ ಪ್ಯಾರಾಫಿನ್‌ನಲ್ಲಿ ಅದ್ದಿ ಕಾಯಿಯ ಮೇಲೆ ಉಜ್ಜಿ. ಹತ್ತಿ ಹಸಿರಾದರೆ ಮ್ಯಾಲಕೈಟ್ ಗ್ರೀನ್ ಅನ್ನುವ ಬಣ್ಣ ಇದೆ ಅಂತ ಲೆಕ್ಕ. ಸುಲಿದ ಹಸಿ ಬಟಾಣಿಯನ್ನು ಲೋಟದ ನೀರಿಗೆ ಹಾಕಿ ಅರ್ಧ ಗಂಟೆ ಬಿಡಿ, ನೀರಿಗೆ ಬಣ್ಣ ಬಂದರೆ ತೊಳೆಯೋದು ಬೇಡ, ಎಸೆಯಿರಿ.

ಹಂತ 2: ಕೈ ತೊಳೆದುಕೊಳ್ಳಿ, ಸಿಂಕ್‌ನಲ್ಲಿರುವ ಎಂಜಲು ತಟ್ಟೆ ತೆಗೆಯಿರಿ

ಇಷ್ಟೇ.

ಹಂತ 3: ಹೆಚ್ಚುವ ಮೊದಲು ತೊಳೆಯಿರಿ

ಇದೊಂದು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಸಿಪ್ಪೆ ಮೇಲಿರುವುದನ್ನು ಚಾಕುವೇ ಒಳಗೆ ಒಯ್ಯುತ್ತದೆ. ಸೌತೆಕಾಯಿಯನ್ನು ತೊಳೆಯದೆ ಸಿಪ್ಪೆ ಹೆರೆಯುವವರಿದ್ದಾರೆ, ಸಿಪ್ಪೆ ಹೋಗುತ್ತಲ್ಲ ಅಂತ. ಸಿಪ್ಪೆ ಹೆರೆದ ಕೈಯಲ್ಲೇ, ಅದೇ ಹೆರೆಮಣೆಯಲ್ಲೇ ಕೋಸಂಬರಿಗೆ ತುರಿಯುತ್ತೀರಿ ಅಲ್ವಾ? ಕತ್ತರಿಸಿದ ಮೇಲೆ ತೊಳೆದರೆ ಇನ್ನೊಂದು ನಷ್ಟ, ನೀರಿನಲ್ಲಿ ಕರಗುವ ವಿಟಮಿನ್‌ಗಳೂ ಸಿಂಕ್ ಪಾಲು.

ಈ ನಿಯಮಕ್ಕೆ ಒಂದೇ ಒಂದು ವಿನಾಯಿತಿ, ಹೂಕೋಸು. ಅದಕ್ಕೆ ಆಮೇಲೆ ಬರುತ್ತೇನೆ.

ಹಂತ 4: ಹರಿಯುವ ನೀರು, ಉಜ್ಜುವ ಕೈ

ಟೊಮೆಟೊ, ಬೀನ್ಸ್, ಕ್ಯಾಪ್ಸಿಕಂ, ಸೌತೆ, ಹೀರೆ, ಸೇಬು ಯಾವುದೇ ಇರಲಿ, ನಲ್ಲಿ ಕೆಳಗೆ ಹಿಡಿದು ಕನಿಷ್ಠ ಅರ್ಧ ನಿಮಿಷ ಬೆರಳಿನಿಂದ ಉಜ್ಜಬೇಕು. ಅಮೆರಿಕದ ಕನೆಕ್ಟಿಕಟ್ ಕೃಷಿ ಪ್ರಯೋಗ ಕೇಂದ್ರದವರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಬರೀ ನಲ್ಲಿ ನೀರಿನಲ್ಲಿ ತೊಳೆದು 12 ಔಷಧಿಗಳನ್ನು ಪರೀಕ್ಷೆ ಮಾಡಿದರು. 9 ಕಡಿಮೆಯಾದವು. ಮೂರು ಜಗ್ಗಲಿಲ್ಲ. ಆ ಮೂರರಲ್ಲಿ, ಮೇಲೆ ಕೂರುವ ಜಾತಿಯದಾದರೂ, ನಮ್ಮ ಕಡೆ ಎಲ್ಲ ಬೆಳೆಗೂ ಸುರಿಯುತ್ತಿದ್ದ ಕ್ಲೋರ್‌ಪೈರಿಫಾಸ್ ಕೂಡ ಒಂದು. ಇನ್ನೊಂದು ವಿಷಯ ಗೊತ್ತಾಯಿತು: ಔಷಧಿ ನೀರಿನಲ್ಲಿ ಕರಗುತ್ತದೋ ಇಲ್ಲವೋ ಅನ್ನೋದಕ್ಕೂ ತೊಳೆದರೆ ಹೋಗುತ್ತದೋ ಇಲ್ಲವೋ ಅನ್ನೋದಕ್ಕೂ ಸಂಬಂಧವೇ ಇಲ್ಲ. ಅಂದರೆ ಸುಮ್ನೆ ನೆನೆಹಾಕಿ ಕರಗಲಿ ಅಂತ ಕಾಯುವುದಕ್ಕಿಂತ ನೀರಿನ ಹೊಡೆತ, ಕೈಯ ಉಜ್ಜಾಟ ಮುಖ್ಯ.

ಸಂದಿಗಳನ್ನು ಮರೆಯಬೇಡಿ. ಕ್ಯಾಪ್ಸಿಕಂನ ತೊಟ್ಟಿನ ಸುತ್ತ ಒಂದು ಗುಂಡಿ ಇರುತ್ತದೆ, ಹೊಡೆದ ಔಷಧಿಯ ಹನಿ ಇಳಿದು ಬಂದು ಅಲ್ಲೇ ನಿಂತು ಒಣಗಿರುತ್ತದೆ. ಹೆಬ್ಬೆರಳಿನಿಂದ ಒತ್ತಿ ತಿರುಗಿಸಿ ತೊಳೆಯಿರಿ. ಹಾಗಲಕಾಯಿಗೆ ಒಂದು ಹೊಸ ಟೂತ್‌ಬ್ರಷ್ ಇಟ್ಟುಕೊಳ್ಳಿ, ಗುಳ್ಳೆಗಳ ನಡುವೆ ಬೆರಳು ಹೋಗುವುದಿಲ್ಲ. ಬದನೆಕಾಯಿ ತೊಟ್ಟಿನ ಟೋಪಿ ಕಿತ್ತು ಎಸೆದರೆ ಸಲೀಸು. ಆದರೆ ಎಣ್ಣೆಗಾಯಿಗೆ ತೊಟ್ಟು ಬೇಕೇ ಬೇಕು, ತೊಟ್ಟಿಲ್ಲದ ಎಣ್ಣೆಗಾಯಿ ನಾನೂ ಒಪ್ಪಲ್ಲ. ಆಗ ಟೋಪಿಯ ಒಂದೊಂದು ಎಸಳನ್ನೂ ಉಗುರಿನಿಂದ ಮೆಲ್ಲಗೆ ಎತ್ತಿ, ಅದರ ಅಡಿಗೆ ನೀರು ಬಿಟ್ಟು ಉಜ್ಜಿ. ಅಡಿಯಲ್ಲಿ ಬೂದು ಬಣ್ಣದ ಧೂಳು ಕೂತಿರೋದು ಕಣ್ಣಿಗೇ ಕಾಣುತ್ತದೆ.

ಎಲೆಕೋಸಿನ ಹೊರಗಿನ ಎರಡು ಮೂರು ಎಲೆ ತೆಗೆದು ಬಿಸಾಡಿ. ಜಿಪುಣತನ ಬೇಡ.

ನಲ್ಲಿಯಲ್ಲಿ ನೀರು ಬರದ ಮನೆಗಳಿಗೆ, ಟ್ಯಾಂಕರ್ ನೀರಿನ ಅಪಾರ್ಟ್‌ಮೆಂಟ್‌ಗಳಿಗೆ ಇದೆಲ್ಲ ದುಬಾರಿ ಅನ್ನಿಸಬಹುದು. ಎರಡು ಬೋಗುಣಿ, ಒಂದು ಚೊಂಬು ಸಾಕು. ಮೊದಲನೆಯದರಲ್ಲಿ ಮುಳುಗಿಸಿ ಉಜ್ಜಿ, ಎರಡನೆಯದರಲ್ಲಿ ಅದ್ದಿ, ಮೇಲಿಂದ ಚೊಂಬಿನಲ್ಲಿ ಸುರಿಯಿರಿ. ಒಂದು ತರಕಾರಿಯ ಕೊನೆಯ ನೀರು ಮುಂದಿನದರ ಮೊದಲ ನೀರಾಗಲಿ. ಮಣ್ಣು ಕಮ್ಮಿ ಇರುವುದರಿಂದ ಶುರುಮಾಡಿ ಮೂಲಂಗಿ, ಕ್ಯಾರೆಟ್ ಕೊನೆಗೆ ಬಂದರೆ ನೀರು ತುಂಬ ಉಳಿಯುತ್ತದೆ.

ಹಂತ 5: ಸೊಪ್ಪು

ಎಲ್ಲರೂ ಕೆಡಿಸುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಕಟ್ಟು ಬಿಚ್ಚಿ. ಕಟ್ಟಿದ ಹಾಗೇ ನೀರಲ್ಲಿ ಅದ್ದಿ ಒದರುವವರನ್ನು ನೋಡಿದ್ದೇನೆ, ಒಳಗಿನ ಸೊಪ್ಪಿಗೆ ನೀರೇ ತಾಗಿರುವುದಿಲ್ಲ. ಬೇರನ್ನು ಎರಡು ಬೆರಳು ಮೇಲಕ್ಕೆ ಕತ್ತರಿಸಿ ಎಸೆಯಿರಿ. ಹಳದಿ ಎಲೆ, ಕೊಳೆತ ಎಲೆ ಬಿಡಿಸಿ. ಈಗ ಅಗಲವಾದ ಬೋಗುಣಿ ತುಂಬ ನೀರು ತೆಗೆದುಕೊಳ್ಳಿ. ಸೊಪ್ಪು ತೇಲಾಡುವಷ್ಟು ಜಾಗ ಇರಬೇಕು. ಚಿಕ್ಕ ಪಾತ್ರೆಗೆ ತುರುಕಿದರೆ ಅದು ತೊಳೆದಂತಲ್ಲ, ನೆನೆಸಿದಂತೆ. ಕೈಯನ್ನು ಬಿಡಿಸಿ ಕೆಳಗಿನಿಂದ ಮೇಲಕ್ಕೆ ಹತ್ತಿಪ್ಪತ್ತು ಸಲ ಅಲುಗಾಡಿಸಿ. ಪಾಲಕ್, ದಂಟು, ಬಸಳೆ ಥರದ ಅಗಲ ಎಲೆಯಾದರೆ ಎಲೆಯ ಹಿಂಭಾಗವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ. ಹೇನು, ಮೊಟ್ಟೆ, ಹುಳ ಕೂರುವುದು ಎಲೆ ಅಡಿಯಲ್ಲಿ, ಹಾಗಾಗಿ ಔಷಧಿಯನ್ನೂ ಅಡಿಗೇ ತಾಗುವ ಹಾಗೆ ಹೊಡೆಯುತ್ತಾರೆ.

ಆಮೇಲೆ ಎರಡು ನಿಮಿಷ ಮುಟ್ಟಬೇಡಿ. ಮಣ್ಣು ತಳಕ್ಕೆ ಕೂರಲಿ.

ಈಗ ಮುಖ್ಯವಾದದ್ದು. ಬೋಗುಣಿಯನ್ನು ಎತ್ತಿ ತೂತಿನ ಪಾತ್ರೆಗೆ ಬಗ್ಗಿಸಬೇಡಿ! ಎರಡು ನಿಮಿಷ ಕಾದು ಕೆಳಗೆ ಕೂರಿಸಿದ ಮಣ್ಣು, ಕೊಳೆ ಎಲ್ಲ ನೀರಿನ ಜೊತೆ ಬಂದು ಸೊಪ್ಪಿನ ಮೇಲೇ ಸುರಿಯುತ್ತದೆ, ತೂತಿನ ಪಾತ್ರೆ ಜರಡಿಯ ಹಾಗೆ ಅದನ್ನು ಸೊಪ್ಪಿನಲ್ಲೇ ಹಿಡಿದುಕೊಳ್ಳುತ್ತದೆ. ಎರಡೂ ಕೈಯಿಂದ ಸೊಪ್ಪನ್ನು ಮೇಲಿಂದ ಎತ್ತಿ ಇನ್ನೊಂದು ಪಾತ್ರೆಗೆ ಹಾಕಿ. ಬೋಗುಣಿ ತಳ ನೋಡಿ. ಕಪ್ಪು ಮಣ್ಣು, ಮರಳು, ಒಂದೆರಡು ಹುಳ ಸಿಗುತ್ತವೆ. ನೀರು ಚೆಲ್ಲಿ, ಬೋಗುಣಿ ಬಳಿದು ತೊಳೆದು ಮತ್ತೆ ಮೊದಲಿನಿಂದ. ಸಾಧಾರಣವಾಗಿ ಮೂರು ನೀರು. ತಳ ಪೂರ್ತಿ ಸ್ವಚ್ಛವಾಗಿ ಕಾಣುವ ತನಕ ಅನ್ನೋದೇ ಸರಿಯಾದ ಲೆಕ್ಕ. ಕೊನೆಗೆ ಹಿಡಿ ಹಿಡಿಯಾಗಿ ನಲ್ಲಿ ಕೆಳಗೆ ಒಮ್ಮೆ ಹಿಡಿದು ಒದರಿ, ಆಮೇಲೆ ಹೆಚ್ಚಿ.

ಎಲ್ಲ ಕಡೆ ಒಂದು ಸಲಹೆ ಕೊಡುತ್ತಾರೆ, ಸೊಪ್ಪನ್ನು ಕುದಿಸಿ ಆ ನೀರು ಚೆಲ್ಲಿಬಿಡಿ ಅಂತ. ಕುದಿಸಿದಾಗ ಔಷಧಿಯ ಒಂದಷ್ಟು ಅಂಶ ನೀರಿಗೆ ಬಿಡುವುದು ನಿಜ. ಆದರೆ ಹಾಗೆ ಹೇಳಿದವರು ಬಸ್ಸಾರು ತಿಂದವರಲ್ಲ. ಬಸಿದ ಕಟ್ಟೇ ಅಲ್ಲವೇ ಸಾರು? ಅದನ್ನು ಚೆಲ್ಲಿದ ಮೇಲೆ ಇನ್ನೇನು ಉಳಿಯಿತು? ಸೊಪ್ಪು ಬಿಟ್ಟಿದ್ದೆಲ್ಲ ಕಟ್ಟಿಗೇ ಇಳಿದಿರುತ್ತದೆ, ನಾವು ಅದನ್ನೇ ಮುದ್ದೆ ಜೊತೆ ಉಣ್ಣುತ್ತೇವೆ. ಹಾಗಾಗಿ ಮಾರ್ಕೆಟ್ ಸೊಪ್ಪಿನ ಬಸ್ಸಾರಿಗೆ ನಾಲ್ಕು ನೀರು, ಇದರಲ್ಲಿ ರಿಯಾಯಿತಿ ಇಲ್ಲ. ಪಲ್ಯ, ಮಸ್ಸೊಪ್ಪಿಗೂ ಇದೇ ಮಾತು. ಆಗೋದಾದರೆ ಬಸ್ಸಾರಿಗೆ ಮನೆ ಹಿಂದಿನ ನುಗ್ಗೆಸೊಪ್ಪೋ, ಗೊತ್ತಿದ್ದವರ ಹೊಲದ ಬೆರಕೆ ಸೊಪ್ಪೋ ಹುಡುಕಿ.

ಕೊತ್ತಂಬರಿ, ಪುದೀನಕ್ಕೆ ಎಲ್ಲಕ್ಕಿಂತ ಜಾಸ್ತಿ ಗಮನ ಬೇಕು, ಸಿಗುವುದು ಎಲ್ಲಕ್ಕಿಂತ ಕಮ್ಮಿ. ಅಡುಗೆ ಎಲ್ಲ ಮುಗಿದ ಮೇಲೆ ನಾಲ್ಕು ದಂಟು ಕಿತ್ತು ಹಾಗೇ ಹೆಚ್ಚಿ ಮೇಲೆ ಉದುರಿಸುತ್ತೇವೆ. ಬೇಯುವುದೂ ಇಲ್ಲ, ಸಿಪ್ಪೆ ತೆಗೆಯುವುದೂ ಇಲ್ಲ.

ಕರಿಬೇವಿನ ಕತೆ ಇನ್ನೂ ಕೆಟ್ಟದ್ದು. ಭಾರತದ ಕರಿಬೇವಿನ ಮೇಲೆ ಔಷಧಿ ಅಂಶಕ್ಕಾಗಿ ಹೆಚ್ಚುವರಿ ತಪಾಸಣೆ ಆಗಬೇಕು ಅಂತ ಯುರೋಪ್ ಒಕ್ಕೂಟದವರು ಪಟ್ಟಿಗೇ ಸೇರಿಸಿದ್ದರು. ನಾವು? ಕಡ್ಡಿಯಿಂದ ಎಳೆದು ನೇರ ಒಗ್ಗರಣೆಗೆ. ಎಲೆ ಬಿಡಿಸಿಕೊಂಡು, ನೀರಿನಲ್ಲಿ ಅಂಗೈ ನಡುವೆ ಇಟ್ಟು ಎರಡೂ ಬದಿ ಉಜ್ಜಿ. ಚಟ್ನಿಪುಡಿಗಂತೂ ಒಣಗಿಸಿ ಪುಡಿ ಮಾಡುವುದರಿಂದ ಎಲೆಯ ನೀರು ಹೋಗಿ ಔಷಧಿಯ ಪಾಲು ಜಾಸ್ತಿಯೇ ಆಗುತ್ತದೆ. ಇದಕ್ಕಿಂತ ಕುಂಡದಲ್ಲಿ ಒಂದು ಗಿಡ ಹಾಕಿಕೊಳ್ಳಿ. ಚಿಟ್ಟೆ ಮರಿಹುಳ ಬಂದರೆ ಕೈಯಲ್ಲಿ ತೆಗೆದರೆ ಆಯ್ತು.

ಹಂತ 6: ಹೂಕೋಸು

ಮೊದಲು ಬಿಡಿಸಿ, ಆಮೇಲೆ ತೊಳೆಯಿರಿ. ಇಡೀ ಹೂವನ್ನು ನಲ್ಲಿ ಕೆಳಗೆ ಹಿಡಿದರೆ ನೀರು ಮೇಲಿಂದ ಜಾರಿ ಹೋಗುತ್ತದೆ, ಒಳಗಿನ ಕಡ್ಡಿಗಳ ನಡುವೆ ಇಳಿಯುವುದೇ ಇಲ್ಲ. ಬೆರಳಷ್ಟು ತುಂಡು ಮಾಡಿಕೊಂಡು ಉಗುರು ಬೆಚ್ಚಗಿನ ಉಪ್ಪು ನೀರಿಗೆ ಹೂವಿನ ಭಾಗ ಕೆಳಗೆ ಬರುವ ಹಾಗೆ ಹತ್ತು ನಿಮಿಷ ಹಾಕಿ. ಉಪ್ಪು ನೀರು ಹುಳ ಈಚೆ ಬರಲಿ ಅಂತ ಹಾಕುವುದು, ಅದರಿಂದ ಔಷಧಿ ಹೋಯಿತು ಅಂದುಕೊಳ್ಳಬೇಡಿ. ಆಮೇಲೆ ಕುದಿಯುವ ನೀರಿಗೆ ಎರಡು ನಿಮಿಷ ಹಾಕಿ ಆ ನೀರು ಚೆಲ್ಲಿ. ಇಲ್ಲಿ ಚೆಲ್ಲಬಹುದು, ಹೂಕೋಸಿನ ಕಟ್ಟು ಯಾರಿಗೂ ಬೇಡ.

ಹಂತ 7: ಸೋಡಾ, ಬೇಕಾದವರಿಗೆ

ಇರೋ ಉಪಾಯಗಳಲ್ಲಿ ಸ್ವಲ್ಪ ಆಧಾರ ಇರುವುದು ಅಡುಗೆ ಸೋಡಾಕ್ಕೆ. 2017ರಲ್ಲಿ ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಎರಡು ಔಷಧಿ ಹಚ್ಚಿ ಪ್ರಯೋಗ ಮಾಡಿದರು, ಥಯಾಬೆಂಡಾಜೋಲ್ ಅನ್ನುವ ಶಿಲೀಂಧ್ರನಾಶಕ, ಫಾಸ್ಮೆಟ್ ಅನ್ನುವ ಕೀಟನಾಶಕ. ಲೀಟರ್ ನೀರಿಗೆ 10 ಗ್ರಾಂ ಸೋಡಾ. ಮೊದಲನೆಯದು 12 ನಿಮಿಷದಲ್ಲಿ ಶೇ 80ರಷ್ಟು, ಎರಡನೆಯದು 15 ನಿಮಿಷದಲ್ಲಿ ಶೇ 96ರಷ್ಟು ಹೋಯಿತು. ಉಳಿದದ್ದು ಸಿಪ್ಪೆ ದಾಟಿ ಒಳಗೆ ಇಳಿದಿತ್ತು, ಅದನ್ನು ಸೋಡಾವೂ ಮುಟ್ಟಲಿಲ್ಲ.

ಇದನ್ನೇ ಹಿಡಿದುಕೊಂಡು ವಿಡಿಯೊಗಳಲ್ಲಿ ಸೋಡಾ ಹಾಕಿದರೆ ಶೇ 96 ವಿಷ ಮಾಯ ಅಂತ ಕೂಗುತ್ತಾರೆ. ಅದು ಎರಡೇ ಔಷಧಿ, ಒಂದೇ ಹಣ್ಣಿನ ಲೆಕ್ಕ. ಆ ಎರಡೂ ಕ್ಷಾರದಲ್ಲಿ ಒಡೆಯುವಂಥವು. ಎಲ್ಲ ಔಷಧಿಯೂ ಸೋಡಾಕ್ಕೆ ಬಗ್ಗುವುದಿಲ್ಲ.

ಮಾಡುವುದಾದರೆ ಹೀಗೆ: ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಅಡುಗೆ ಸೋಡಾ, 12ರಿಂದ 15 ನಿಮಿಷ, ಆಮೇಲೆ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯೋದು. ಬಟ್ಟೆ ಸೋಡಾ ಬೇರೆ, ಬೇಕಿಂಗ್ ಪೌಡರ್ ಬೇರೆ, ಡಬ್ಬಿ ಓದಿ ಹಾಕಿ. ಸೇಬು, ದ್ರಾಕ್ಷಿ, ಟೊಮೆಟೊ, ಕ್ಯಾಪ್ಸಿಕಂಗೆ ಸರಿ. ಸೊಪ್ಪಿಗೆ ನಾನು ಹಾಕುವುದಿಲ್ಲ, ಬಾಡಿ ಜೋಲುಬೀಳುತ್ತದೆ, ರುಚಿಯೂ ಕೆಡುತ್ತದೆ. ಕತ್ತರಿಸಿದ ತರಕಾರಿಗೆ ಯಾವತ್ತೂ ಬೇಡ.

ಪಾತ್ರೆ ಸೋಪು, ಲಿಕ್ವಿಡ್ ಹಾಕಿ ದ್ರಾಕ್ಷಿ ತೊಳೆಯುವವರಿಗೆ ಕೈ ಮುಗಿಯುತ್ತೇನೆ. ಹಣ್ಣಿನ ಸಿಪ್ಪೆಯಲ್ಲಿ ಸಣ್ಣ ರಂಧ್ರಗಳಿರುತ್ತವೆ, ಸೋಪು ಅಲ್ಲೇ ಕೂತು ಹೊಟ್ಟೆಗೆ ಹೋಗುತ್ತದೆ. ಅಮೆರಿಕದ ಆಹಾರ ಇಲಾಖೆ ಸೋಪು, ಡಿಟರ್ಜೆಂಟ್ ಜೊತೆಗೆ ಅಂಗಡಿಯಲ್ಲಿ ಸಿಗುವ ಹಣ್ಣು ತೊಳೆಯುವ ದ್ರಾವಣವನ್ನೂ ಬಳಸಬೇಡಿ ಅಂತ ಹೇಳುತ್ತದೆ. ಇನ್ನೂರು ರೂಪಾಯಿಯ ಆ ಬಾಟಲಿಯ ಬದಲು ಒಂದು ಒಳ್ಳೆಯ ಬ್ರಷ್ ಕೊಳ್ಳಿ. ಸಾವಿರಾರು ರೂಪಾಯಿಯ ಗುಳ್ಳೆ ಬಿಡುವ ಯಂತ್ರದ ಬಗ್ಗೆ ಕೇಳಲೇಬೇಡಿ.

ಹಂತ 8: ಹಣ್ಣು

ದ್ರಾಕ್ಷಿಯ ಮೇಲಿನ ತೆಳು ಬಿಳಿ ಪುಡಿ ಔಷಧಿಯಲ್ಲ. ಅದು ಹಣ್ಣೇ ಮಾಡಿಕೊಳ್ಳುವ ಮೇಣ, ಬೆರಳಿಟ್ಟರೆ ಒಂದೇ ಸಮನಾಗಿ ಅಳಿಸುತ್ತದೆ. ಹನಿ ಇಳಿದು ಒಣಗಿದ ಹಾಗೆ ಕಲೆ ಕಲೆಯಾಗಿ, ನೀಲಿ ಛಾಯೆಯಲ್ಲಿ ಕಂಡರೆ ಅದು ಮೈಲುತುತ್ತ ಸುಣ್ಣದ ದ್ರಾವಣವೋ ಇನ್ಯಾವುದೋ ಇರಬಹುದು. ಗೊಂಚಲನ್ನು ಹಾಗೇ ಅದ್ದಬೇಡಿ, ಒಂದೊಂದು ಹಣ್ಣನ್ನೂ ಚೂರು ತೊಟ್ಟು ಉಳಿಸಿ ಕತ್ತರಿಯಿಂದ ಬಿಡಿಸಿ. ಕಿತ್ತರೆ ತೂತಾಗಿ ಕೊಳಕು ನೀರು ಒಳಗೆ ಹೋಗುತ್ತದೆ. ಇಷ್ಟೆಲ್ಲ ಮಾಡಿದರೂ ಹೋಗದ್ದು ಇದೆ. 2010ರಲ್ಲಿ ಯುರೋಪಿಗೆ ಹೋದ ನಮ್ಮ ದ್ರಾಕ್ಷಿಯನ್ನು ಕ್ಲೋರ್‌ಮೆಕ್ವಾಟ್ ಇದೆ ಅಂತ ತಿರಸ್ಕರಿಸಿದರು. ಅದು ಬಳ್ಳಿಯ ಬೆಳವಣಿಗೆ ಹಿಡಿತದಲ್ಲಿಡಲು ಕೊಡುವ ರಾಸಾಯನಿಕ, ಹಣ್ಣಿನೊಳಗೇ ಇರುತ್ತದೆ.

ಮಾವಿನಹಣ್ಣಿಗೆ ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ನಿಷೇಧ. ಎಥಿಲೀನ್ ಅನಿಲಕ್ಕೆ ಅನುಮತಿ ಇದೆ. ಕಾರ್ಬೈಡ್‌ನಲ್ಲಿ ಆರ್ಸೆನಿಕ್, ರಂಜಕದ ಅಂಶ ಇರುವುದರಿಂದ ಭಯ. ಯಾವುದರಲ್ಲಿ ಮಾಗಿಸಿದ್ದಾರೋ ನಮಗೇನು ಗೊತ್ತು? ಅರ್ಧ ಗಂಟೆ ನೀರಿನಲ್ಲಿ ಇಟ್ಟು, ತೊಟ್ಟಿನ ಸೊನೆ ಹಿಂಡಿ, ಉಜ್ಜಿ ತೊಳೆಯಿರಿ. ರಸಪುರಿಯನ್ನು ಸಿಪ್ಪೆಗೇ ಬಾಯಿಟ್ಟು ಚೀಪುವವರಿಗೆ ಬೇಸರ ಆಗಬಹುದು. ಗೊತ್ತಿದ್ದವರ ಮರದ ಹಣ್ಣಾದರೆ ಚೀಪಿ, ಅಂಗಡಿಯದಾದರೆ ತಟ್ಟೆಗೆ ಹಿಂಡಿಕೊಂಡು ತಿನ್ನಿ. ಮೇಣ ಹಚ್ಚಿದ ಸೇಬಿನ ಸಿಪ್ಪೆ ತೆಗೆಯಿರಿ, ನಾರಿನಂಶ ಹೋಗುತ್ತದೆ ಅಂತ ಯಾರಾದರೂ ಅಂದರೆ ಅವರಿಗೆ ಒಂದು ಸೀಬೆಹಣ್ಣು ಕೊಡಿ.

ತೊಳೆದರೂ ಹೋಗದ್ದು

ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪಿಗೆ ಬೇರಿನಿಂದಲೇ ಸೀಸ, ಕ್ಯಾಡ್ಮಿಯಂ ಹತ್ತಿರುತ್ತವೆ. ನಾಲ್ಕು ನೀರಲ್ಲ, ನಲವತ್ತು ನೀರು ಹಾಕಿದರೂ ಅಷ್ಟೆ. ಹಾಗಾಗಿ ಎಲ್ಲಿಯ ಸೊಪ್ಪು ಅಂತ ಮಾರುವವರನ್ನು ಕೇಳೋದರಲ್ಲಿ ನಾಚಿಕೆ ಬೇಡ. ಹಾಲಿನಲ್ಲಿ ಉಳಿದ ಆ್ಯಂಟಿಬಯೋಟಿಕ್‌ಗೂ ಅಡುಗೆಮನೆಯಲ್ಲಿ ಮದ್ದಿಲ್ಲ, ಕಾಯಿಸಿದರೆ ಪೂರ್ತಿ ಹೋಗುವುದಿಲ್ಲ.

ಪ್ರಾಣಿಪಕ್ಷಿಗಳಿಗಂತೂ ತೊಳೆದು ತಿನ್ನುವ ಅನುಕೂಲವೇ ಇಲ್ಲ. ದನಕ್ಕೆ ನೋವಿಗೆ ಅಂತ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನದ ದೇಹದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ರಾಶಿ ರಾಶಿ ಸತ್ತವು. 2006ರಲ್ಲಿ ಪಶುಗಳಿಗೆ ಆ ಔಷಧಿ ನಿಷೇಧ ಆಯಿತು, ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮ ಆಯಿತು, ಆ ಹೊತ್ತಿಗೆ ಉಳಿದಿದ್ದವು ಬೆರಳೆಣಿಕೆಯಷ್ಟು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯ ಗೇರು ತೋಟಗಳ ಮೇಲೆ, ಪಕ್ಕದ ಕಾಸರಗೋಡಿನಲ್ಲಿ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದು ಗೊತ್ತಿರುವ ಕತೆಯೇ. ಬಾವಿ, ತೋಡು, ಅಂಗಳ ಎಲ್ಲದರ ಮೇಲೂ ಬಿತ್ತು. ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ಊರಿನಲ್ಲಿ ಸ್ವಂತ ಹೊಲ ಇದ್ದವರು ಕೀಟನಾಶಕದ ಡಬ್ಬಿ ಮೇಲಿನ ಬಣ್ಣದ ತ್ರಿಕೋನ ನೋಡಿ ಕೊಳ್ಳಿ. ಕೆಂಪು ಎಲ್ಲಕ್ಕಿಂತ ಅಪಾಯ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರೂ ಔಷಧಿಯೇ, ಹಾಲಲ್ಲ. ಔಷಧಿ ಹೊಡೆಯುವ ಪಂಪು ತೊಳೆದ ನೀರನ್ನು ಕೆರೆಗೆ, ಕಾಲುವೆಗೆ ಬಿಡಬೇಡಿ.

ಹಂತ 9: ಒಣಗಿಸಿ ಎತ್ತಿಡುವುದು

ಭಾನುವಾರ ಇಡೀ ವಾರದ್ದನ್ನು ತೊಳೆದು ಒದ್ದೆಯಾಗಿಯೇ ಕವರಿಗೆ ತುಂಬಿ ಫ್ರಿಜ್‌ನಲ್ಲಿ ಇಟ್ಟರೆ ಬುಧವಾರಕ್ಕೆ ಸೊಪ್ಪು ಕೊಳೆತಿರುತ್ತದೆ. ಅಡುಗೆಗೆ ಮುಂಚೆ ತೊಳೆಯೋದೇ ಒಳ್ಳೆಯದು. ಕೆಲಸಕ್ಕೆ ಹೋಗುವವರಿಗೆ ಅದು ಆಗದ ಮಾತು ಅಂದರೆ, ತೊಳೆದ ಮೇಲೆ ಹತ್ತಿ ಪಂಚೆಯ ಮೇಲೆ ಹರವಿ ಫ್ಯಾನ್ ಹಾಕಿ ಪೂರ್ತಿ ಆರಿಸಿ, ಒಣ ಬಟ್ಟೆಯಲ್ಲಿ ಸುತ್ತಿ ಇಡಿ. ಸೋಡಾ ನೀರನ್ನು ಗಿಡಕ್ಕೆ ಹಾಕಬೇಡಿ, ಚರಂಡಿಗೆ ಬಿಡಿ. ದ್ರಾಕ್ಷಿಯನ್ನು ಮಾತ್ರ ತಿನ್ನುವ ಹೊತ್ತಿಗೇ ತೊಳೆಯಿರಿ. ಮೊದಲೇ ತೊಳೆದಿಟ್ಟರೆ ತೊಟ್ಟಿನ ಹತ್ತಿರ ಬೇಗ ಬೂಷ್ಟು ಹಿಡಿಯುತ್ತದೆ.